ಮೊದಲ ದೈತ್ಯ ನಕ್ಷತ್ರಗಳ ಸ್ಫೋಟ ಇನ್ನೂ ಯಾಕೆ ಕಣ್ಣಿಗೆ ಬಿದ್ದಿಲ್ಲ?

ಪ್ರಶ್ನೆ: ವಿಶ್ವದ ಮೊದಲ ನಕ್ಷತ್ರಗಳು ಸೂರ್ಯನಿಗಿಂತ ನೂರಾರು ಪಟ್ಟು ಭಾರವಾಗಿದ್ದವು, ಭಾರಿ ಸ್ಫೋಟದಲ್ಲಿ ಕೊನೆಯಾದವು ಅಂತ ಓದಿದ್ದೇನೆ. ಅಷ್ಟು ದೊಡ್ಡ ಸ್ಫೋಟ ಆದರೆ ಜೇಮ್ಸ್ ವೆಬ್ ದೂರದರ್ಶಕಕ್ಕೆ ಸುಲಭವಾಗಿ ಕಾಣಬೇಕಲ್ವಾ? 'ಅತಿ ದೂರದ ಸೂಪರ್‌ನೋವಾ ಸಿಕ್ಕಿತು' ಅಂತ ಆಗಾಗ ಸುದ್ದಿ ಬರುತ್ತದೆ. ಅದು ಇದೇನಾ?

ಉತ್ತರ: ಅದು ಇದಲ್ಲ. ಮೊದಲ ತಲೆಮಾರಿನ ನಕ್ಷತ್ರದ ಸ್ಫೋಟ ಅಂತ ಖಚಿತವಾಗಿ ಹೇಳಬಹುದಾದ ಒಂದೂ ಇನ್ನೂ ಸಿಕ್ಕಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿರುವ ತರ್ಕ ಸರಿಯಾಗೇ ಇದೆ. ಈ ಸ್ಫೋಟಗಳಲ್ಲಿ ದೊಡ್ಡವು ವೆಬ್‌ಗೆ ಕಾಣುವಷ್ಟು ಪ್ರಕಾಶ ಉಳ್ಳವೇ. ಅವು ಮಸುಕಾಗಿರುವುದರಿಂದ ಸಿಗುತ್ತಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾದ ತೊಡಕು ಬೇರೆ. ಒಂದು, ಅವು ತೀರಾ ಅಪರೂಪ. ಇನ್ನೊಂದು, ನಮ್ಮ ಕಣ್ಣೆದುರು ಅವು ನಡೆಯುವುದು ಎಷ್ಟು ನಿಧಾನ ಅಂದರೆ, ನೋಡಿದರೂ ಸ್ಫೋಟ ಅಂತ ಗೊತ್ತಾಗುವುದಿಲ್ಲ. ಈ ಎರಡನೆಯದರ ಬಗ್ಗೆ ಜನಪ್ರಿಯ ಬರಹಗಳಲ್ಲಿ ಮಾತೇ ಬರುವುದಿಲ್ಲ. ಹಾಗಾಗಿ ಅದನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲು ನಕ್ಷತ್ರಗಳ ವಿಷಯ. ಬಿಗ್ ಬ್ಯಾಂಗ್ ಆಗಿ ಹತ್ತಿಪ್ಪತ್ತು ಕೋಟಿ ವರ್ಷ ಕಳೆದ ಮೇಲೆ ಮೊದಲ ನಕ್ಷತ್ರಗಳು ಹುಟ್ಟಿದವು. ಆಗ ಇದ್ದದ್ದು ಹೈಡ್ರೋಜನ್, ಹೀಲಿಯಂ, ಚೂರೇ ಚೂರು ಲಿಥಿಯಂ. ಕಾರ್ಬನ್ ಇಲ್ಲ, ಆಮ್ಲಜನಕ ಇಲ್ಲ, ದೂಳು ಇಲ್ಲ. ಅನಿಲದ ಮೋಡ ಕುಸಿದು ನಕ್ಷತ್ರವಾಗಬೇಕಾದರೆ ಅದು ತಣ್ಣಗಾಗಬೇಕು. ಇವತ್ತಿನ ಮೋಡಗಳನ್ನು ಕಾರ್ಬನ್, ಆಮ್ಲಜನಕ ಮತ್ತು ದೂಳು ಸೇರಿ ಮೈನಸ್ 260 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ತಣಿಸುತ್ತವೆ. ಅಂದು ಆ ಕೆಲಸಕ್ಕೆ ಇದ್ದದ್ದು ಹೈಡ್ರೋಜನ್ ಅಣು ಮಾತ್ರ. ಅದರ ಕೈಲಿ ಮೈನಸ್ 70 ಡಿಗ್ರಿಗಿಂತ ತೀರಾ ಕೆಳಗೆ ಇಳಿಸಲು ಆಗುವುದಿಲ್ಲ. ಮೋಡ ಬೆಚ್ಚಗಿದ್ದಷ್ಟೂ ಅದನ್ನು ಕುಸಿಯುವಂತೆ ಮಾಡಲು ಹೆಚ್ಚು ದ್ರವ್ಯ ಬೇಕು. ಅದಕ್ಕೇ ಆಗಿನ ನಕ್ಷತ್ರಗಳು ಭಾರವಾಗಿ ಹುಟ್ಟಿದವು: ಸೂರ್ಯನ ಹತ್ತಾರು ಪಟ್ಟು, ಕೆಲವು ನೂರಾರು ಪಟ್ಟು.

ಭಾರವಾಗಿ ಹುಟ್ಟುವುದು ಒಂದಾದರೆ, ಸಾಯುವ ತನಕ ಆ ಭಾರ ಉಳಿಸಿಕೊಳ್ಳುವುದು ಇನ್ನೊಂದು. ಇವತ್ತಿನ ದೈತ್ಯ ನಕ್ಷತ್ರಗಳು ಜೋರು ಗಾಳಿಯಂತೆ ತಮ್ಮ ಹೊರಪದರವನ್ನು ಕಳೆದುಕೊಳ್ಳುತ್ತಾ ಹೋಗುತ್ತವೆ. ಆ ಗಾಳಿಯನ್ನು ಹೊರಕ್ಕೆ ತಳ್ಳುವುದು ಕಬ್ಬಿಣದಂಥ ಭಾರ ಧಾತುಗಳ ಮೇಲೆ ಬೀಳುವ ಬೆಳಕಿನ ಒತ್ತಡ. ಮೊದಲ ನಕ್ಷತ್ರಗಳಲ್ಲಿ ಆ ಧಾತುಗಳೇ ಇರಲಿಲ್ಲ. ಹಾಗಾಗಿ ಮೈ ಕರಗದೆ, ಇಪ್ಪತ್ತು ಮೂವತ್ತು ಲಕ್ಷ ವರ್ಷದ ಚಿಕ್ಕ ಆಯಸ್ಸು ಮುಗಿಸಿ, ಹೆಚ್ಚುಕಡಿಮೆ ಹುಟ್ಟಿದ ಭಾರದಲ್ಲೇ ಕೊನೆಗೆ ಬಂದವು.

ಇನ್ನು ಸ್ಫೋಟ. ನಮಗೆ ಗೊತ್ತಿರುವ ಸಾಮಾನ್ಯ ಸೂಪರ್‌ನೋವಾದಲ್ಲಿ ಕಬ್ಬಿಣದ ಗರ್ಭ ಕುಸಿಯುತ್ತದೆ, ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಉಳಿಯುತ್ತದೆ. ಸೂರ್ಯನ ಸುಮಾರು 140ರಿಂದ 260 ಪಟ್ಟು ಭಾರದ ನಕ್ಷತ್ರಕ್ಕೆ ಕಬ್ಬಿಣದ ತನಕ ಹೋಗುವ ಅವಕಾಶವೇ ಸಿಗುವುದಿಲ್ಲ. ಅಂಥ ನಕ್ಷತ್ರವನ್ನು ಒಳಗಿನಿಂದ ಎತ್ತಿ ಹಿಡಿದಿರುವುದು ಬಹುಪಾಲು ಬೆಳಕಿನ ಒತ್ತಡ. ಗರ್ಭದ ಉಷ್ಣತೆ ನೂರು ಕೋಟಿ ಡಿಗ್ರಿ ದಾಟಿದಾಗ ಅಲ್ಲಿನ ಕೆಲವು ಗಾಮಾ ಕಿರಣಗಳಿಗೆ ಎಷ್ಟು ಶಕ್ತಿ ಬರುತ್ತದೆ ಅಂದರೆ, ಅವು ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್‌ಗಳ ಜೋಡಿಯಾಗಿ ಮಾರ್ಪಡತೊಡಗುತ್ತವೆ. ಒತ್ತಡ ಕೊಡಬೇಕಾಗಿದ್ದ ಶಕ್ತಿ ಕಣ ಹುಟ್ಟಿಸಲು ಖರ್ಚಾಗಿಬಿಡುತ್ತದೆ. ಆಧಾರ ತಪ್ಪಿ ಗರ್ಭ ಕುಸಿಯುತ್ತದೆ. ಕುಸಿದಂತೆ ಇನ್ನೂ ಬಿಸಿಯಾಗುತ್ತದೆ. ಅಷ್ಟರಲ್ಲಿ ಅಲ್ಲಿ ತುಂಬಿರುವ ಆಮ್ಲಜನಕ ಒಮ್ಮೆಲೇ ಉರಿಯುತ್ತದೆ. ಬಿಡುಗಡೆಯಾಗುವ ಶಕ್ತಿ ಕುಸಿತವನ್ನು ತಡೆದು ನಿಲ್ಲಿಸುವುದಷ್ಟೇ ಅಲ್ಲ, ಇಡೀ ನಕ್ಷತ್ರವನ್ನು ಛಿದ್ರ ಮಾಡಿ ಎಸೆಯುತ್ತದೆ. ಕಪ್ಪುಕುಳಿ ಇಲ್ಲ, ನ್ಯೂಟ್ರಾನ್ ನಕ್ಷತ್ರ ಇಲ್ಲ, ಏನೂ ಉಳಿಯುವುದಿಲ್ಲ. ಇದಕ್ಕೆ ಜೋಡಿ-ಅಸ್ಥಿರತೆಯ ಸೂಪರ್‌ನೋವಾ ಅನ್ನುತ್ತಾರೆ. ಬರ್ಕಾತ್, ರಕಾವಿ, ಸಾಕ್ ಎಂಬ ಮೂವರು 1967ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. 260ಕ್ಕಿಂತ ಭಾರವಾದರೆ ಆಮ್ಲಜನಕದ ಉರಿ ಕೂಡ ಸಾಲದು. ನಕ್ಷತ್ರ ನೇರವಾಗಿ ಕಪ್ಪುಕುಳಿಯೊಳಗೆ ಹೋಗುತ್ತದೆ.

ಹೊಳಪು ಎಷ್ಟು? ಅದನ್ನು ತೀರ್ಮಾನಿಸುವುದು ಸ್ಫೋಟದಲ್ಲಿ ತಯಾರಾಗುವ ನಿಕಲ್-56 ಎಂಬ ವಿಕಿರಣಶೀಲ ನಿಕಲ್. ಅದು ಕ್ಷಯಿಸುವಾಗ ಹೊಮ್ಮುವ ಶಕ್ತಿಯೇ ಬೆಳಕಾಗುತ್ತದೆ. 1987ರಲ್ಲಿ ನಮ್ಮ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗಲಾನಿಕ್ ಮೋಡದಲ್ಲಿ ಬರಿಗಣ್ಣಿಗೆ ಕಂಡ ಸೂಪರ್‌ನೋವಾದಲ್ಲಿ ಸೂರ್ಯನ ಭಾರದ ನೂರರಲ್ಲಿ ಏಳು ಪಾಲಿನಷ್ಟು ನಿಕಲ್ ಹುಟ್ಟಿತ್ತು. ಜೋಡಿ-ಅಸ್ಥಿರತೆಯ ದೊಡ್ಡ ಸ್ಫೋಟದಲ್ಲಿ 40 ಸೂರ್ಯರಷ್ಟು ನಿಕಲ್ ಹುಟ್ಟಬಹುದು ಅಂತ ಲೆಕ್ಕ. ಇಲ್ಲೊಂದು ಮುಖ್ಯ ಮಾತಿದೆ. 140ರ ಆಸುಪಾಸಿನ ನಕ್ಷತ್ರದಲ್ಲಿ ನಿಕಲ್ ಹೆಚ್ಚುಕಡಿಮೆ ಹುಟ್ಟುವುದೇ ಇಲ್ಲ. ಆದ್ದರಿಂದ ಈ ಬಗೆಯ ಸ್ಫೋಟ ಎಲ್ಲವೂ ಕಣ್ಣು ಕುಕ್ಕುವಂಥದ್ದು ಅಂದುಕೊಳ್ಳಬೇಡಿ. ನಾವು ಹುಡುಕುತ್ತಿರುವುದು ಆ ಸಾಲಿನಲ್ಲಿ ಮೇಲಿನ ತುದಿಯವನ್ನು.

ಈಗ ನಿಧಾನದ ವಿಷಯಕ್ಕೆ ಬರೋಣ. ಇಲ್ಲಿ ರೆಡ್‌ಶಿಫ್ಟ್ ಅನ್ನುವ ಮಾತು ಬರುತ್ತದೆ. ದಾರಿಯಲ್ಲಿ ಬೆಳಕಿನ ತರಂಗ ಎಷ್ಟು ಹಿಗ್ಗಿತು ಅನ್ನುವ ಅಳತೆ ಅದು. ಆ ಸಂಖ್ಯೆಗೆ ಒಂದು ಕೂಡಿದರೆ ಎಷ್ಟು ಪಟ್ಟು ಹಿಗ್ಗಿತು ಅಂತ ಸಿಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ದೂರವೂ ಹೆಚ್ಚು, ಕಾಲವೂ ಹಿಂದಿನದು.

ರೆಡ್‌ಶಿಫ್ಟ್ 20ರಲ್ಲಿ, ಅಂದರೆ ವಿಶ್ವಕ್ಕೆ ಸುಮಾರು 18 ಕೋಟಿ ವರ್ಷ ಆಗಿದ್ದಾಗ, ಒಂದು ಸ್ಫೋಟ ಆಯಿತು ಅಂದುಕೊಳ್ಳಿ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ವಿಶ್ವ 21 ಪಟ್ಟು ಹಿಗ್ಗಿದೆ. ಬೆಳಕಿನ ತರಂಗವೂ 21 ಪಟ್ಟು ಹಿಗ್ಗಿದೆ. ಹೊರಡುವಾಗ ನೇರಳಾತೀತವಾಗಿದ್ದದ್ದು ಬಂದು ತಲುಪುವಾಗ ಇನ್‌ಫ್ರಾರೆಡ್ ಆಗಿರುತ್ತದೆ. ಅದರಲ್ಲೂ 0.1216 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ಗಿಡ್ಡ ತರಂಗಗಳನ್ನು ಆ ಕಾಲದ ಹೈಡ್ರೋಜನ್ ನುಂಗಿಬಿಡುತ್ತದೆ. ಆ ಗಡಿ ನಮಗೆ ಕಾಣುವುದು 2.55 ಮೈಕ್ರಾನ್‌ನಲ್ಲಿ. ಅದಕ್ಕಿಂತ ಗಿಡ್ಡ ತರಂಗದಲ್ಲಿ ಪೂರ್ತಿ ಕತ್ತಲೆ. ಹಬಲ್‌ನ ಕ್ಯಾಮೆರಾ 1.7 ಮೈಕ್ರಾನ್‌ಗೆ ನಿಲ್ಲುತ್ತದೆ, ಹಾಗಾಗಿ ಅದಕ್ಕೆ ಈ ಸ್ಫೋಟ ಕಾಣುವ ಪ್ರಶ್ನೆಯೇ ಇಲ್ಲ. ವೆಬ್‌ನ ನಿಯರ್‌ಕ್ಯಾಮ್ ಎಂಬ ಕ್ಯಾಮೆರಾ 5 ಮೈಕ್ರಾನ್ ತನಕ ನೋಡುತ್ತದೆ. ಇಷ್ಟು ನೀವು ಓದಿರಬಹುದು.

ತರಂಗ ಹಿಗ್ಗಿದಂತೆ ಕಾಲವೂ ಹಿಗ್ಗುತ್ತದೆ. ಅಲ್ಲಿ ಒಂದು ದಿನದಲ್ಲಿ ನಡೆದದ್ದು ಇಲ್ಲಿ 21 ದಿನ ತೆಗೆದುಕೊಳ್ಳುತ್ತದೆ. ಕೂತು ಲೆಕ್ಕ ಮಾಡಿ ನೋಡಿ. ನಿಕಲ್-56 ಕ್ಷಯಿಸಿ ಕೋಬಾಲ್ಟ್-56 ಆಗುತ್ತದೆ, ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 6 ದಿನ. ಕೋಬಾಲ್ಟ್ ಕ್ಷಯಿಸಿ ಕಬ್ಬಿಣವಾಗುತ್ತದೆ, ಅರ್ಧಾಯು 77 ದಿನ. ಸ್ಫೋಟದ ಕೊನೆಯ ಹಂತದ ಬೆಳಕು ಈ ಕೋಬಾಲ್ಟ್‌ನ ಲಯದಲ್ಲೇ ಇಳಿಯುತ್ತದೆ. 77ನ್ನು 21ರಿಂದ ಗುಣಿಸಿದರೆ 1617 ದಿನ, ಅಂದರೆ ಸುಮಾರು ನಾಲ್ಕೂವರೆ ವರ್ಷ. ಹೊಳಪು ಅರ್ಧಕ್ಕೆ ಇಳಿಯಲು ಅಷ್ಟು ಕಾಲ ಬೇಕು! ಈ ವರ್ಷ ಒಂದು ಫೋಟೊ ತೆಗೆದು, ಮುಂದಿನ ವರ್ಷ ಇನ್ನೊಂದು ತೆಗೆದು ಹೋಲಿಸಿದರೆ ಸಿಗುವ ವ್ಯತ್ಯಾಸ ನೂರಕ್ಕೆ ಹದಿನೈದು ಮಾತ್ರ. ಅಷ್ಟು ಮಸುಕಾದ ಚುಕ್ಕೆಯಲ್ಲಿ ಆ ಹದಿನೈದನ್ನು ಅಳತೆಯ ದೋಷದಿಂದ ಬೇರ್ಪಡಿಸುವುದು ಕಷ್ಟ. ಈ ಸ್ಫೋಟಗಳಲ್ಲಿ ಹೊರಬೀಳುವ ದ್ರವ್ಯವೂ ಜಾಸ್ತಿ, ಬೆಳಕು ಅದರೊಳಗಿನಿಂದ ನುಸುಳಿ ಬರಲು ಮೊದಲೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿ 200 ದಿನ ಬೆಳಗಿದ ಸ್ಫೋಟ ಇಲ್ಲಿ ಹನ್ನೊಂದು ವರ್ಷಕ್ಕೂ ಮೀರಿ ಕಾಣುತ್ತಾ ಇರುತ್ತದೆ.

ಸೂಪರ್‌ನೋವಾ ಹುಡುಕುವವರ ಕೆಲಸವೇ ಹಳೆಯ ಚಿತ್ರವನ್ನು ಹೊಸ ಚಿತ್ರದಿಂದ ಕಳೆದು, ಉಳಿದದ್ದನ್ನು ನೋಡುವುದು. ಬದಲಾಗದೆ ಇದ್ದದ್ದು ಪೂರ್ತಿ ಅಳಿಸಿಹೋಗುತ್ತದೆ. ನಮ್ಮ ಈ ಸ್ಫೋಟವೂ ಆ ಕಳೆಯುವಿಕೆಯಲ್ಲಿ ಬಹುಪಾಲು ಅಳಿಸಿಹೋಗುತ್ತದೆ. ಚಿತ್ರದಲ್ಲಿ ಅದು ಸುಮ್ನೆ ಒಂದು ಕೆಂಪು ಚುಕ್ಕೆ. ಪಟ್ಟಿಯಲ್ಲಿ 'ಅತಿ ದೂರದ ಗೆಲಾಕ್ಸಿ ಇರಬಹುದು' ಅಂತ ಸೇರಿಕೊಂಡು ಕೂತಿರುತ್ತದೆ. ವೆಬ್ ಈಗಾಗಲೇ ತೆಗೆದ ಚಿತ್ರಗಳಲ್ಲೇ ಅಂಥದ್ದೊಂದು ಇದ್ದರೂ ಇರಬಹುದು ಅನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ.

ಬಣ್ಣ ಒಂದನ್ನೇ ನೋಡಿ ಹೇಳಲಾಗದಾ? ಅದು ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ 2022ರ ಒಂದು ಉದಾಹರಣೆ ಇದೆ. ಸೀಯರ್ಸ್-93316 ಎಂಬ ಗೆಲಾಕ್ಸಿ ಬಣ್ಣದ ಲೆಕ್ಕದಲ್ಲಿ ರೆಡ್‌ಶಿಫ್ಟ್ 16ಕ್ಕೂ ಆಚೆ ಇದೆ ಅಂತ ದೊಡ್ಡ ಸುದ್ದಿಯಾಯಿತು. ಮರುವರ್ಷ ಅದರ ರೋಹಿತ (ಬೆಳಕನ್ನು ಅದರ ತರಂಗಗಳಾಗಿ ಬಿಡಿಸಿದ ಪಟ್ಟಿ, ಸ್ಪೆಕ್ಟ್ರಮ್) ತೆಗೆದು ನೋಡಿದಾಗ ರೆಡ್‌ಶಿಫ್ಟ್ 4.9. ದೂಳು ಮತ್ತು ಬಲವಾದ ರೋಹಿತ ರೇಖೆಗಳು ಸೇರಿ ದೂರದ ಗೆಲಾಕ್ಸಿಯ ವೇಷ ಹಾಕಿದ್ದವು. ನಮ್ಮದೇ ಗೆಲಾಕ್ಸಿಯ ಕಂದು ಕುಬ್ಜಗಳೂ (ನಕ್ಷತ್ರವಾಗುವಷ್ಟು ಭಾರವಿಲ್ಲದ ತಂಪು ಕಾಯಗಳು) ಇದೇ ಥರ ದಾರಿ ತಪ್ಪಿಸುತ್ತವೆ.

ಅಪರೂಪದ ವಿಷಯ ಇನ್ನೂ ಸರಳ. ಖಗೋಳ ವಿಜ್ಞಾನಿಗಳಾದ ಜೇಕಬ್ ಹಮ್ಮಲ್, ವೋಲ್ಕರ್ ಬ್ರಾಮ್ ಮತ್ತು ಸಂಗಡಿಗರು 2012ರಲ್ಲೇ, ವೆಬ್ ಹಾರುವ ಒಂಬತ್ತು ವರ್ಷ ಮೊದಲು, ಈ ಸ್ಫೋಟಗಳನ್ನು ಕಾಣಲು ಅಡ್ಡಿ ಅವುಗಳ ಕೊರತೆಯೇ ಹೊರತು ಮಸುಕಲ್ಲ ಅಂತ ತೋರಿಸಿದ್ದರು. ಅವರ ಅತ್ಯಂತ ಆಶಾವಾದದ ಲೆಕ್ಕದಲ್ಲೂ ವೆಬ್‌ನ ಒಂದು ನೋಟದಲ್ಲಿ (ಒಮ್ಮೆಗೆ ಕಾಣುವಷ್ಟು ಆಕಾಶದಲ್ಲಿ) ಯಾವುದೇ ಹೊತ್ತಿಗೆ ಸಿಗಬಹುದಾದದ್ದು ಗರಿಷ್ಠ 0.2, ಅಂದರೆ ಐದು ನೋಟಕ್ಕೆ ಒಂದು. ಅದು ಮೇಲ್ಮಿತಿ. ನಿಜ ಸಂಖ್ಯೆ ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಮೊದಲ ನಕ್ಷತ್ರಗಳು ಒಂಟಿಯಾಗಿ ಹುಟ್ಟದೆ, ಸುತ್ತಲಿನ ಅನಿಲದ ತಟ್ಟೆ ಒಡೆದು ಹಲವು ಸಣ್ಣ ನಕ್ಷತ್ರಗಳೂ ಆಗುತ್ತಿದ್ದವು ಅಂತ ಆಮೇಲಿನ ಕಂಪ್ಯೂಟರ್ ಲೆಕ್ಕಗಳು ಹೇಳುತ್ತವೆ. ಹಾಗಾದರೆ 140ರಿಂದ 260ರ ಸಾಲಿಗೆ ಬರುವ ನಕ್ಷತ್ರಗಳು ಬೆರಳೆಣಿಕೆಯಷ್ಟೇ. ಮತ್ತೆ ವೆಬ್‌ನ ಆ ಒಂದು ನೋಟ ಎಷ್ಟಗಲ ಗೊತ್ತಾ? ಹುಣ್ಣಿಮೆಯ ಚಂದ್ರನ ಎಪ್ಪತ್ತರಲ್ಲಿ ಒಂದು ಪಾಲೂ ಸರಿಯಾಗಿ ಇಲ್ಲ.

ಇಷ್ಟಾದರೂ ಸುದ್ದಿಯಲ್ಲಿ ಬಂದವು ಯಾವುವು ಅಂತ ಕೇಳಿದ್ದೀರಿ. ಎರಡು ಮುಖ್ಯ. ಜೇಡ್ಸ್ ಎಂಬ ಸಮೀಕ್ಷೆಯ ತಂಡ 2022ರಲ್ಲಿ ಮತ್ತು 2023ರಲ್ಲಿ ಆಕಾಶದ ಒಂದೇ ತುಣುಕಿನ ಚಿತ್ರ ತೆಗೆದು ಹೋಲಿಸಿತು. ಕೈ ಚಾಚಿ ಹಿಡಿದ ಅಕ್ಕಿ ಕಾಳು ಮುಚ್ಚುವಷ್ಟು ಜಾಗ. ಅಲ್ಲೇ 80ರಷ್ಟು ಸ್ಫೋಟಗಳು ಸಿಕ್ಕವು. 2024ರ ಜೂನ್‌ನಲ್ಲಿ ಅದನ್ನು ಪ್ರಕಟಿಸಿದರು. ಅವುಗಳಲ್ಲಿ ರೋಹಿತದಿಂದ ಖಚಿತವಾದ ಅತಿ ದೂರದ್ದು ರೆಡ್‌ಶಿಫ್ಟ್ 3.6ರಲ್ಲಿತ್ತು, ವಿಶ್ವಕ್ಕೆ ಆಗ 180 ಕೋಟಿ ವರ್ಷ. ನನಗೆ ಆ ಕೆಲಸ ತುಂಬಾ ಇಷ್ಟ. ಒಂದೇ ಜಾಗಕ್ಕೆ ಮತ್ತೆ ಹೋಗಿ ನೋಡಿದರೆ ಏನು ಸಿಗುತ್ತದೆ ಅಂತ ಅದು ತೋರಿಸಿಕೊಟ್ಟಿತು.

ಎರಡನೆಯದು ಇನ್ನೂ ದೂರದ್ದು. 2025ರ ಮಾರ್ಚ್ 14ರಂದು ಫ್ರಾನ್ಸ್ ಮತ್ತು ಚೀನಾದ ಸ್ವೋಮ್ ಉಪಗ್ರಹಕ್ಕೆ ಒಂದು ಗಾಮಾ ಕಿರಣ ಸ್ಫೋಟ (ದೈತ್ಯ ನಕ್ಷತ್ರ ಸಾಯುವಾಗ ಹೊಮ್ಮಬಹುದಾದ ಗಾಮಾ ಕಿರಣಗಳ ಕ್ಷಣಿಕ ಮಿಂಚು) ಕಂಡಿತು. ಹೆಸರು ಜಿಆರ್‌ಬಿ 250314ಎ, ರೆಡ್‌ಶಿಫ್ಟ್ 7.3, ವಿಶ್ವಕ್ಕೆ ಆಗ 73 ಕೋಟಿ ವರ್ಷ. ತಂಡದವರು ತಕ್ಷಣ ವೆಬ್ ತಿರುಗಿಸಲಿಲ್ಲ, ಜುಲೈ 1ರ ತನಕ ಕಾದರು. ಯಾಕೆ ಅಂದರೆ ಅದೇ ಕಾಲದ ಹಿಗ್ಗುವಿಕೆ. ಅಲ್ಲಿ ಎರಡು ವಾರದಲ್ಲಿ ಸೂಪರ್‌ನೋವಾ ತನ್ನ ಉತ್ತುಂಗಕ್ಕೆ ಬರಬೇಕು, ಇಲ್ಲಿ ಅದಕ್ಕೆ ಮೂರೂವರೆ ತಿಂಗಳು ಹಿಡಿಯುತ್ತದೆ. ಲೆಕ್ಕ ಸರಿಯಾಯಿತು, ಬೆಳಕು ಸಿಕ್ಕಿತು. ವಿಚಿತ್ರ ಅಂದರೆ ಆ ಸೂಪರ್‌ನೋವಾ ನಮ್ಮ ನೆರೆಹೊರೆಯಲ್ಲಿ 1998ರಲ್ಲಿ ಕಂಡ ಸೂಪರ್‌ನೋವಾವನ್ನೇ ಹೋಲುತ್ತಿತ್ತು. ಅಷ್ಟು ಹಿಂದಿನದ್ದಾದರೂ ಮೊದಲ ತಲೆಮಾರಿನ ಗುರುತು ಅದರಲ್ಲಿ ಕಾಣಲಿಲ್ಲ. ಜೋಡಿ-ಅಸ್ಥಿರತೆಯದ್ದಂತೂ ಅಲ್ಲ. ಕಾಯುವ ಲೆಕ್ಕ ಎಷ್ಟು ನಿಖರವಾಗಿ ಕೂಡಿಬರುತ್ತದೆ ಅನ್ನುವುದಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ.

ಹತ್ತಿರದಲ್ಲೇ ಈ ಜಾತಿಯ ಸ್ಫೋಟ ಇಲ್ಲವಾ ಅಂದರೆ, ಅನುಮಾನಕ್ಕೆ ಎಡೆ ಇರುವ ಕೆಲವು ಇವೆ. 2007ಬಿಐ ಎಂಬ ಸೂಪರ್‌ನೋವಾ ಒಂದು ಕುಬ್ಜ ಗೆಲಾಕ್ಸಿಯಲ್ಲಿ ಕಂಡಾಗ, ಇದೇ ಅದು ಅಂತ 2009ರಲ್ಲಿ ಅವಿಶಾಯ್ ಗಲ್-ಯಾಮ್ ತಂಡ ಬರೆಯಿತು. ಆಮೇಲೆ ಬೇರೆ ವಿವರಣೆಗಳೂ ಬಂದವು: ವೇಗವಾಗಿ ತಿರುಗುವ, ಬಲವಾದ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರವೂ ಅಷ್ಟೇ ಹೊಳಪು ಕೊಡಬಲ್ಲದು. ಈಗಿರುವವುಗಳಲ್ಲಿ 2018ಐಬಿಬಿ ಎಂಬುದು ಗಟ್ಟಿ ಅಭ್ಯರ್ಥಿ ಅಂತ ನನ್ನ ಅಭಿಪ್ರಾಯ. ಅದರ ಹೊಳಪಿಗೆ ಸೂರ್ಯನ 25 ಪಟ್ಟಿಗೂ ಮೀರಿದ ನಿಕಲ್ ಬೇಕು.

ಇನ್ನೊಂದು ದಾರಿ ಸ್ಫೋಟವನ್ನೇ ನೋಡದೆ ಅದರ ಬೂದಿಯನ್ನು ಹುಡುಕುವುದು. ಜೋಡಿ-ಅಸ್ಥಿರತೆಯ ಸ್ಫೋಟದಲ್ಲಿ ಮೆಗ್ನೀಸಿಯಂ, ಸಿಲಿಕಾನ್, ಕ್ಯಾಲ್ಸಿಯಂನಂಥ ಸಮ ಪರಮಾಣು ಸಂಖ್ಯೆಯ ಧಾತುಗಳು ಹೇರಳ. ಸೋಡಿಯಂ, ಅಲ್ಯೂಮಿನಿಯಂನಂಥ ಬೆಸ ಸಂಖ್ಯೆಯವು ತೀರಾ ಕಡಿಮೆ. ಆ ಬೂದಿಯಿಂದ ಹುಟ್ಟಿದ ಮುಂದಿನ ನಕ್ಷತ್ರ ಇವತ್ತೂ ನಮ್ಮ ಗೆಲಾಕ್ಸಿಯಲ್ಲಿ ಇದ್ದರೆ, ಈ ಏರುಪೇರು ಅದರ ರೋಹಿತದಲ್ಲಿ ಕಾಣಬೇಕು. ಚೀನಾದ ಲಾಮೋಸ್ಟ್ ದೂರದರ್ಶಕದ ಪಟ್ಟಿಯಿಂದ ಅಂಥ ಒಂದು ನಕ್ಷತ್ರ ಸಿಕ್ಕಿದೆ, ಅದರ ಮೂಲ 260 ಸೂರ್ಯರಷ್ಟು ಭಾರದ ನಕ್ಷತ್ರ ಅಂತ 2023ರಲ್ಲಿ ಪ್ರಕಟವಾಯಿತು. 2024ರಲ್ಲಿ ಬೇರೆ ತಂಡಗಳು ಇನ್ನಷ್ಟು ಧಾತುಗಳನ್ನು ಅಳೆದವು. ಇರಬಾರದಿದ್ದ ಅಲ್ಯೂಮಿನಿಯಂ ಅಲ್ಲಿ ಇತ್ತು. ಸಾಮಾನ್ಯ ಸೂಪರ್‌ನೋವಾದಿಂದಲೂ ಆ ಮಿಶ್ರಣ ಬರಬಹುದು ಅನ್ನುವಲ್ಲಿಗೆ ಬಂತು.

ಮೊದಲ ನಕ್ಷತ್ರಗಳು ಯಾವಾಗ ಹೊತ್ತಿಕೊಂಡವು ಅಂತ ಗೊತ್ತಾದರೆ ಎಲ್ಲಿ ಹುಡುಕಬೇಕು ಅಂತಲೂ ಗೊತ್ತಾಗುತ್ತದೆ. ಈ ಕೆಲಸದಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಆ ಕಾಲದ ಹೈಡ್ರೋಜನ್‌ನಿಂದ ಬರುವ ಕ್ಷೀಣ ರೇಡಿಯೊ ಸಂಕೇತ ಹುಡುಕುವ ಸಾರಸ್-3 ಎಂಬ ರೇಡಿಯೊ ದೂರದರ್ಶಕವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು ಅಳತೆ ಮಾಡಿದರು. ನೆಲದ ಮೇಲಾದರೆ ಮಣ್ಣಿನ ಪದರಗಳು ಅಳತೆಯನ್ನು ಕೆಡಿಸುತ್ತವೆ, ನೀರು ಒಂದೇ ಸಮ ಇರುತ್ತದೆ. ಮೊದಲ ನಕ್ಷತ್ರಗಳ ಕುರುಹು ಸಿಕ್ಕಿತು ಅಂತ 2018ರಲ್ಲಿ ಎಡ್ಜಸ್ ಎಂಬ ಪ್ರಯೋಗ ಹೇಳಿತ್ತು. ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಸಿಕ್ಕ ಆ ಸಂಕೇತ ಶರಾವತಿಯಲ್ಲಿ ಕಾಣಲಿಲ್ಲ. 2022ರಲ್ಲಿ ಅದು ಪ್ರಕಟವಾದಾಗ ಇಡೀ ಕ್ಷೇತ್ರ ಗಮನಿಸಿತು.

ಹಾಗಾದರೆ ಸಿಗುವುದು ಯಾವಾಗ? ಎರಡು ಕಡೆ ನನಗೆ ಭರವಸೆ ಇದೆ. ಒಂದು ನಾಸಾದ ನ್ಯಾನ್ಸಿ ಗ್ರೇಸ್ ರೋಮನ್ ದೂರದರ್ಶಕ. ಅದರ ಒಂದು ನೋಟ ವೆಬ್‌ನ ನಿಯರ್‌ಕ್ಯಾಮ್‌ಗಿಂತ ನೂರು ಪಟ್ಟು ಅಗಲ. ಅದರ ಒಂದು ಸಮೀಕ್ಷೆ ಒಂದೇ ಜಾಗವನ್ನು ಐದು ದಿನಕ್ಕೊಮ್ಮೆಯಂತೆ ಎರಡು ವರ್ಷ ನೋಡಲಿದೆ. ಅದು 2.3 ಮೈಕ್ರಾನ್‌ಗೆ ನಿಲ್ಲುವುದರಿಂದ ರೆಡ್‌ಶಿಫ್ಟ್ 18ರ ಆಚೆ ಕಾಣುವುದಿಲ್ಲ. ಪರವಾಗಿಲ್ಲ, ಶುದ್ಧ ಹೈಡ್ರೋಜನ್-ಹೀಲಿಯಂನ ಅನಿಲ ಅಲ್ಲಲ್ಲಿ ಆಮೇಲೂ ಉಳಿದಿತ್ತು. ರೆಡ್‌ಶಿಫ್ಟ್ 6 ಅಥವಾ 7ರಲ್ಲಿ ನಡೆದ ಸ್ಫೋಟ ಇಲ್ಲಿ ಏಳೆಂಟು ಪಟ್ಟು ಮಾತ್ರ ನಿಧಾನ, ಎರಡು ವರ್ಷದಲ್ಲಿ ಅದರ ಏರಿಳಿತ ಕಾಣುತ್ತದೆ. ಮೊದಲು ಸಿಗುವುದು ಅಲ್ಲೇ ಅಂತ ನನಗನ್ನಿಸುತ್ತದೆ. ರೋಮನ್ ಪತ್ತೆ ಮಾಡಬೇಕು, ವೆಬ್ ರೋಹಿತ ತೆಗೆಯಬೇಕು.

ಇನ್ನೊಂದು ಗುರುತ್ವ ಮಸೂರ. ದೊಡ್ಡ ಗೆಲಾಕ್ಸಿ ಗುಂಪುಗಳು ತಮ್ಮ ಹಿಂದಿನ ಬೆಳಕನ್ನು ಬಾಗಿಸಿ ಹಿಗ್ಗಿಸುತ್ತವೆ. 2014ರಲ್ಲಿ ಹಬಲ್‌ಗೆ ಕಂಡ ರೆಫ್ಸ್‌ಡಾಲ್ ಎಂಬ ಸೂಪರ್‌ನೋವಾ ಹೀಗೆ ನಾಲ್ಕು ಕಡೆ ಒಟ್ಟಿಗೆ ಕಾಣಿಸಿತು. ಐದನೆಯ ಬಾರಿ ಎಲ್ಲಿ, ಯಾವಾಗ ಕಾಣುತ್ತದೆ ಅಂತ ಮೊದಲೇ ಲೆಕ್ಕ ಹಾಕಿದ್ದರು, 2015ರ ಡಿಸೆಂಬರ್‌ನಲ್ಲಿ ಅಲ್ಲೇ ಕಂಡಿತು. ನಮ್ಮ ನಿಧಾನದ ಸ್ಫೋಟಕ್ಕೆ ಇದು ಹೇಳಿ ಮಾಡಿಸಿದ ಉಪಾಯ. ಬೇರೆ ಬೇರೆ ದಾರಿಯಲ್ಲಿ ಬಂದ ಬೆಳಕು ಬೇರೆ ಬೇರೆ ಕಾಲದ್ದಾಗಿರುತ್ತದೆ. ಅಂದರೆ ಒಂದೇ ಫೋಟೊದಲ್ಲಿ ಒಂದೇ ಸ್ಫೋಟದ ಹಲವು ವಯಸ್ಸು ಸಿಗುತ್ತದೆ, ಹತ್ತು ವರ್ಷ ಕಾಯಬೇಕಾಗಿಲ್ಲ.

ಮುಂದೆ 'ಮೊದಲ ನಕ್ಷತ್ರದ ಸ್ಫೋಟ ಸಿಕ್ಕಿತು' ಅನ್ನುವ ಸುದ್ದಿ ಕಂಡರೆ, ರೆಡ್‌ಶಿಫ್ಟ್ ಬಂದದ್ದು ರೋಹಿತದಿಂದಲೋ ಬರೀ ಬಣ್ಣದಿಂದಲೋ ಅಂತ ಮೊದಲು ನೋಡಿ. ಭಾರ ಧಾತುಗಳು ಎಷ್ಟಿದ್ದವು ಅಂತ ಹೇಳಿದ್ದಾರಾ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಚುಕ್ಕೆಯ ಹೊಳಪು ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಬದಲಾಗಿತ್ತಾ ಅಂತ ಹುಡುಕಿ. ಜಿಆರ್‌ಬಿ 250314ಎ ತಂಡದವರೂ ಆ ಪರೀಕ್ಷೆಗೆ ತಯಾರಾಗಿದ್ದಾರೆ. ಸೂಪರ್‌ನೋವಾ ಮಂಕಾದ ಮೇಲೆ ಅದೇ ಜಾಗವನ್ನು ವೆಬ್‌ನಿಂದ ಮತ್ತೊಮ್ಮೆ ನೋಡಿ, ಗೆಲಾಕ್ಸಿಯದ್ದೆಷ್ಟು, ಸ್ಫೋಟದ್ದೆಷ್ಟು ಅಂತ ಬೇರ್ಪಡಿಸುವ ಯೋಜನೆ ಅವರದ್ದು.